ಬೆಣ್ಣೆ ತೆಗೆದದ್ದು, ಮಜ್ಜಿಗೆಯಲ್ಲಿ ಉಳಿದದ್ದು

ನಮ್ಮೂರಿನ ಹಾಲಿನ ಡೈರಿ ಮುಂದೆ ಬೆಳಗ್ಗೆ ಆರೂವರೆಗೆಲ್ಲ ಕ್ಯಾನು ಹಿಡಿದು ಸಾಲು ನಿಂತಿರುತ್ತಾರೆ. ಸ್ಯಾಂಪಲ್ ಮಷೀನಿಗೆ ಹೋಗುತ್ತದೆ, ಚೀಟಿ ಹೊರಗೆ ಬರುತ್ತದೆ. ಆ ಚೀಟಿಯಲ್ಲಿ ಎಲ್ಲರೂ ಮೊದಲು ಹುಡುಕುವುದು ಒಂದೇ. "ಫ್ಯಾಟ್ ಎಷ್ಟು ಬಂತು?" ನಾಲ್ಕು ದಾಟಿದರೆ ಮುಖ ಅರಳುತ್ತದೆ. ಮೂರರ ಹತ್ತಿರ ಇಳಿದರೆ ಹಿಂಡಿ ಸರಿಯಿಲ್ಲ, ಹಸಿ ಮೇವು ಸಾಲದು ಅಂತ ಗೊಣಗಾಟ. ಅದೇ ಮನುಷ್ಯ ಹನ್ನೊಂದು ಗಂಟೆಗೆ ನನ್ನ ಕ್ಲಿನಿಕ್ಕಿಗೆ ಬಂದು ಇನ್ನೊಂದು ಚೀಟಿ ಮುಂದಿಡುತ್ತಾನೆ. "ಡಾಕ್ಟ್ರೇ, ಫ್ಯಾಟ್ ಎಷ್ಟು ಬಂದಿದೆ ನೋಡಿ." ಈಗ ಅಂಕಿ ಏರಿದ್ದರೆ ಮುಖ ಬಾಡುತ್ತದೆ.

ಇವತ್ತಿನ ನನ್ನ ಮಾತೆಲ್ಲ ಈ ಎರಡು ಚೀಟಿಗಳ ನಡುವಿನದು. ಆ ಚೀಟಿಯ ಫ್ಯಾಟೇ ಈ ಚೀಟಿಯ ಫ್ಯಾಟ್ ಆಗುತ್ತದೆಯೇ? ಆಗುತ್ತದೆ, ಆದರೆ ನಾವು ಅಂದುಕೊಂಡಷ್ಟು ನೇರವಾಗಿ ಅಲ್ಲ. ಹಾಲು ಯಾವ ರೂಪದಲ್ಲಿ ಹೊಟ್ಟೆ ಸೇರಿತು, ತಟ್ಟೆಯಲ್ಲಿ ಯಾವುದರ ಜಾಗಕ್ಕೆ ಅದು ಬಂತು, ಇವೆರಡನ್ನು ಬಿಟ್ಟು "ಹಾಲು ಒಳ್ಳೆಯದೋ ಕೆಟ್ಟದ್ದೋ" ಎಂದು ಕೇಳಿದರೆ ಉತ್ತರವೇ ಸಿಗುವುದಿಲ್ಲ.

ಮೊದಲು ಲ್ಯಾಬಿನ ಚೀಟಿ. ರಕ್ತ ನೀರಿನ ಜಾತಿ, ಕೊಬ್ಬು ಅದರಲ್ಲಿ ಬೆರೆಯುವುದಿಲ್ಲ. ಹಾಗಾಗಿ ದೇಹ ಕೊಬ್ಬನ್ನು ಸಣ್ಣ ಸಣ್ಣ ಟ್ಯಾಂಕರುಗಳಲ್ಲಿ ತುಂಬಿ ಕಳಿಸುತ್ತದೆ. ಲಿವರ್ ಅನ್ನು ಡೈರಿ ಅಂದುಕೊಳ್ಳಿ. ಅಲ್ಲಿಂದ ಟ್ರೈಗ್ಲಿಸರೈಡ್ ಎಂಬ ಕೊಬ್ಬು ತುಂಬಿಕೊಂಡು ಹೊರಟ ಟ್ಯಾಂಕರು ದಾರಿಯುದ್ದಕ್ಕೂ ಮಾಂಸಖಂಡಕ್ಕಿಷ್ಟು, ಬೊಜ್ಜಿಗಿಷ್ಟು ಇಳಿಸುತ್ತಾ ಹೋಗುತ್ತದೆ. ಕೊನೆಗೆ ಉಳಿಯುವುದು ಕೊಲೆಸ್ಟ್ರಾಲ್ ತುಂಬಿದ ಸಣ್ಣ ಗಾಡಿ. ಅದೇ ಎಲ್‌ಡಿಎಲ್. ಅದು ಮತ್ತೆ ಡೈರಿಗೆ ಬಂದು ಒಳಗೆ ಹೋಗಬೇಕು. ಒಳಗೆ ಬಿಟ್ಟುಕೊಳ್ಳುವ ಗೇಟುಗಳನ್ನು ಕಂಡುಹಿಡಿದದ್ದು ಅಮೆರಿಕದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್. ಅವರಿಗೆ 1985ರಲ್ಲಿ ನೊಬೆಲ್ ಬಂತು. ನಾವು ತಿನ್ನುವ ಸ್ಯಾಚುರೇಟೆಡ್ ಕೊಬ್ಬು, ಅಂದರೆ ಬೆಣ್ಣೆ-ತುಪ್ಪದಲ್ಲಿರುವಂಥ ಗಟ್ಟಿಯಾಗುವ ಕೊಬ್ಬು, ಹೆಚ್ಚಾದರೆ ಈ ಗೇಟುಗಳು ಕಡಿಮೆಯಾಗುತ್ತವೆ. ಗಾಡಿಗಳು ರಸ್ತೆಯಲ್ಲೇ ನಿಲ್ಲುತ್ತವೆ. ನಿಂತಷ್ಟೂ ಹೊತ್ತು ರಕ್ತನಾಳದ ಗೋಡೆಯೊಳಕ್ಕೆ ನುಸುಳುತ್ತವೆ. ವರ್ಷಾನುಗಟ್ಟಲೆ ಹೀಗೆ ನುಸುಳಿದ್ದು ಒಂದು ದಿನ ಎದೆನೋವಾಗಿ ಕಾಣಿಸಿಕೊಳ್ಳುತ್ತದೆ.

ಹಾಲಿನ ಜಿಡ್ಡಿನಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಸ್ಯಾಚುರೇಟೆಡ್ ಕೊಬ್ಬೇ. ಅದರಲ್ಲೂ ಪಾಮಿಟಿಕ್, ಮಿರಿಸ್ಟಿಕ್ ಎಂಬ ಆಮ್ಲಗಳು ಎಲ್‌ಡಿಎಲ್ ಏರಿಸುವುದರಲ್ಲಿ ಮುಂದೆ. ಸ್ಟಿಯರಿಕ್ ಎಂಬುದೂ ಇದೆ, ಅದು ಹೆಚ್ಚು ಗಲಾಟೆ ಮಾಡುವುದಿಲ್ಲ. ನಾನು ಕೊಬ್ಬರಿ ನಾಡಿನವನು, ತಿಪಟೂರಿನ ಕಡೆಯವನು. ಹಾಗಾಗಿ ಇದನ್ನೂ ಒಪ್ಪಿಕೊಂಡುಬಿಡುತ್ತೇನೆ: ನಮ್ಮ ಕೊಬ್ಬರಿ ಎಣ್ಣೆಯ ಲಾರಿಕ್ ಆಮ್ಲವೂ ಎಲ್‌ಡಿಎಲ್ ಏರಿಸುವ ಪಟ್ಟಿಯಲ್ಲೇ ಇದೆ. ಊರಿನ ಅಭಿಮಾನ ಗೇಟಿನ ಲೆಕ್ಕಕ್ಕೆ ಬರುವುದಿಲ್ಲ.

ಇನ್ನು ಒಂದು ದೇಶದ ಕಥೆ. ಫಿನ್‌ಲೆಂಡಿನ ಪೂರ್ವಕ್ಕೆ ಉತ್ತರ ಕರೇಲಿಯ ಎಂಬ ಪ್ರಾಂತ್ಯವಿದೆ. ಕಾಡು, ಕೆರೆ, ಹಸು. ಅಲ್ಲಿನ ಗಂಡಸರು ಕಾಡಿನಲ್ಲಿ ಮರ ಕಡಿಯುವವರು, ಹೊಲದಲ್ಲಿ ಮೈಮುರಿದು ದುಡಿಯುವವರು. ಆದರೂ 1970ರ ಸುಮಾರಿಗೆ ಹೃದಯದ ಕಾಯಿಲೆಯಿಂದ ಸಾಯುವ ಗಂಡಸರ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚು ಇದ್ದ ಜಾಗಗಳಲ್ಲಿ ಅದು ಒಂದು. "ದುಡಿಯುವವನಿಗೆ ಏನು ತಿಂದರೂ ಅರಗುತ್ತೆ" ಎನ್ನುವ ನಮ್ಮ ಹಿರಿಯರು ಅಲ್ಲಿಗೆ ಹೋಗಿದ್ದರೆ ಮಾತು ಬದಲಿಸುತ್ತಿದ್ದರೇನೋ. ಅವರ ಊಟ ನೋಡಿ: ಬ್ರೆಡ್ಡಿಗೆ ದಪ್ಪ ಬೆಣ್ಣೆ, ಅಡುಗೆಗೂ ಬೆಣ್ಣೆ, ಕೆನೆಹಾಲು, ಉಪ್ಪು, ಕೊಬ್ಬಿನ ಮಾಂಸ. ಜೊತೆಗೆ ಸಿಗರೇಟು. ತರಕಾರಿ ಕಂಡರೆ ಹಸುವಿಗೆ ಹಾಕುವ ಜನ.

1971ರಲ್ಲಿ ಆ ಪ್ರಾಂತ್ಯದವರೇ ಸರ್ಕಾರಕ್ಕೆ ಮನವಿ ಕೊಟ್ಟರು, ಏನಾದರೂ ಮಾಡಿ ಅಂತ. ಮಾರನೇ ವರ್ಷ ಪೆಕ್ಕಾ ಪುಸ್ಕಾ ಎಂಬ ಇಪ್ಪತ್ತೇಳು ವಯಸ್ಸಿನ ಡಾಕ್ಟರ ಕೈಗೆ ಕೆಲಸ ಒಪ್ಪಿಸಿದರು. ಅಲ್ಲಿನ ಬಹುಪಾಲು ರೈತರ ಬದುಕು ನಡೆಯುತ್ತಿದ್ದದ್ದೇ ಹಾಲಿನಿಂದ. ಆ ಊರಿಗೆ ಹೋಗಿ ಬೆಣ್ಣೆ ಬಿಡಿ ಎಂದರೆ ಸುಮ್ಮನಿರುತ್ತಾರಾ? ಮಂಡ್ಯದಲ್ಲಿ ನಿಂತು ಬೆಲ್ಲ ಬಿಡಿ ಎಂದ ಹಾಗೆ. ಪುಸ್ಕಾ ತಂಡ ಭಾಷಣಕ್ಕಿಂತ ಹೆಚ್ಚು ನಂಬಿದ್ದು ಹೆಣ್ಣುಮಕ್ಕಳ ಸಂಘಗಳನ್ನು. ಊರೂರಲ್ಲಿ ಊಟದ ಕೂಟ, ಅಲ್ಲಿ ಹೊಸ ರೀತಿಯ ಅಡುಗೆ. ಹಳ್ಳಿಗಳ ನಡುವೆ ಕೊಲೆಸ್ಟ್ರಾಲ್ ಇಳಿಸುವ ಪಂದ್ಯವೂ ನಡೆಯಿತು. ನಮ್ಮಲ್ಲಿ ಕಬಡ್ಡಿ ಪಂದ್ಯ ಇದ್ದ ಹಾಗೆ! ಹೈನುಗಾರಿಕೆ ಬಿಡುವ ರೈತರಿಗೆ ಬೆರ್ರಿ ಹಣ್ಣು ಬೆಳೆಯಲು ಪ್ರೋತ್ಸಾಹ ಸಿಕ್ಕಿತು. ಅಲ್ಲಿನ ಚಳಿಗೂ ಬೆಳೆಯುವ ಒಂದು ಸಾಸಿವೆ ಜಾತಿಯ ಗಿಡದ ಎಣ್ಣೆ ಅಡುಗೆಮನೆಗೆ ಬಂತು.

ಆರಂಭದಲ್ಲಿ ನೂರಕ್ಕೆ ತೊಂಬತ್ತು ಮಂದಿ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದರು. ಒಂದೆರಡು ತಲೆಮಾರಿನಲ್ಲಿ ಆ ಅಭ್ಯಾಸ ಬೆರಳೆಣಿಕೆಗೆ ಇಳಿಯಿತು. ಸರಾಸರಿ ಕೊಲೆಸ್ಟ್ರಾಲ್ ಐದರಲ್ಲೊಂದು ಪಾಲು ಇಳಿಯಿತು. ದುಡಿಯುವ ವಯಸ್ಸಿನ ಗಂಡಸರಲ್ಲಿ ಹೃದಯದ ಕಾಯಿಲೆಯ ಸಾವು ಮೂವತ್ತೈದು ವರ್ಷದಲ್ಲಿ 80%ಕ್ಕೂ ಹೆಚ್ಚು ಕಡಿಮೆಯಾಯಿತು. ಸಿಗರೇಟು ಬಿಟ್ಟದ್ದು, ಬಿಪಿ ಹಿಡಿತಕ್ಕೆ ಬಂದದ್ದು, ಇವೂ ಅದರಲ್ಲಿ ಸೇರಿವೆ. ಕಾಫಿಯದ್ದೂ ಒಂದು ಕೈ ಇತ್ತು ಅಂದರೆ ನಿಮಗೆ ಆಶ್ಚರ್ಯವಾದೀತು. ಅವರು ಕಾಫಿಪುಡಿಯನ್ನು ನೀರಿಗೆ ಹಾಕಿ ಕುದಿಸಿ, ಸೋಸದೆ ಕುಡಿಯುತ್ತಿದ್ದರು. ಅದರಲ್ಲಿ ಇಳಿಯುವ ಒಂದು ಎಣ್ಣೆಯಂಥ ಪದಾರ್ಥ ಎಲ್‌ಡಿಎಲ್ ಏರಿಸುತ್ತದೆ. ಕಾಗದದ ಫಿಲ್ಟರ್ ಬಂದ ಮೇಲೆ ಅದು ಕಾಗದದಲ್ಲೇ ಉಳಿಯಿತು. ನಮ್ಮ ಫಿಲ್ಟರಿನಲ್ಲಿ ಕಾಗದ ಇಲ್ಲವಲ್ಲ ಎಂದು ಮುಂದಿನ ಸಾಲಿನವರು ಆಗಲೇ ಮುಖ ಮುಖ ನೋಡಿಕೊಳ್ಳುತ್ತಿದ್ದಾರೆ. ಕಾಫಿ ಇನ್ನೊಂದು ದಿನಕ್ಕಿರಲಿ.

ಇಷ್ಟು ಕೇಳಿ ಮನೆಗೆ ಹೋದರೆ ತುಪ್ಪದ ಡಬ್ಬಿಯನ್ನು ಅಟ್ಟಕ್ಕೆ ಹಾಕುತ್ತೀರಿ. ತಡೆಯಿರಿ, ನಮ್ಮದೇ ದೇಶದ ಇನ್ನೊಂದು ಕಥೆ ಇದೆ.

1967ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಎಸ್.ಎಲ್. ಮಲ್ಹೋತ್ರಾ ಎಂಬ ರೈಲ್ವೆ ವೈದ್ಯರ ಲೇಖನ ಬಂತು. ಹತ್ತು ಲಕ್ಷಕ್ಕೂ ಹೆಚ್ಚು ರೈಲ್ವೆ ನೌಕರರ ದಾಖಲೆ ಅವರ ಮುಂದಿತ್ತು. ಪಂಜಾಬಿನ ಕಡೆಯವರು ದಕ್ಷಿಣದವರಿಗಿಂತ 8ರಿಂದ 19 ಪಟ್ಟು ಹೆಚ್ಚು ಕೊಬ್ಬು ತಿನ್ನುತ್ತಿದ್ದರು, ಅದೂ ಬಹುಪಾಲು ಹಾಲಿನದು, ತುಪ್ಪದ್ದು. ಹೃದಯದ ಕಾಯಿಲೆ ಮಾತ್ರ ದಕ್ಷಿಣದವರಲ್ಲಿ ಏಳು ಪಟ್ಟು ಹೆಚ್ಚು! ತುಪ್ಪದ ಪರ ವಾದಿಸುವವರು ಇವತ್ತಿಗೂ ಈ ಲೇಖನವನ್ನು ತಲೆ ಮೇಲೆ ಹೊತ್ತುಕೊಂಡು ತಿರುಗುತ್ತಾರೆ.

ನಾನು ಅದನ್ನು ಓದುವ ರೀತಿ ಬೇರೆ. ಎರಡು ಪ್ರಾಂತ್ಯಗಳ ಜನ ತುಪ್ಪದಲ್ಲಿ ಮಾತ್ರ ಬೇರೆಯಲ್ಲ. ಗೋಧಿ-ಅಕ್ಕಿ, ಮೈಕಟ್ಟು, ನಡಿಗೆ, ತಂಬಾಕು, ಕಾಯಿಲೆ ಗುರುತಿಸುವ ಆಸ್ಪತ್ರೆ, ಎಲ್ಲವೂ ಬೇರೆ ಬೇರೆ. ತುಪ್ಪ ಅವರನ್ನು ಕಾಪಾಡಿತು ಎಂದು ಅದರಿಂದ ಹೇಳಲಾಗದು. ಆದರೆ ಹಾಲಿನ ಕೊಬ್ಬು ಒಂದೇ ಕಾರಣವಾಗಿದ್ದರೆ ಅಂಕಿ ಹೀಗೆ ತಲೆಕೆಳಗಾಗುತ್ತಿರಲಿಲ್ಲ ಎಂದಂತೂ ಹೇಳಬಹುದು. ಅನ್ನ, ಸಾರು, ಚೂರು ಎಣ್ಣೆ ತಿಂದು ದಿನವಿಡೀ ಕುಳಿತು ಗುಮಾಸ್ತಿಕೆ ಮಾಡಿದವನೂ ಎದೆ ಹಿಡಿದುಕೊಂಡ. ನಮ್ಮ ಕಡೆಯವರಿಗೆ ಅದು ಆಗಲೇ ಕೇಳಿಸಬೇಕಿದ್ದ ಗಂಟೆ.

ಪೂರ್ವ ಆಫ್ರಿಕಾದ ಮಸಾಯಿಗಳದ್ದೂ ಇಂಥದೇ ಒಗಟು. ದನಗಾಹಿಗಳು, ಹಾಲೇ ಊಟ. ಜಾರ್ಜ್ ಮ್ಯಾನ್ ಎಂಬ ಅಮೆರಿಕದ ವೈದ್ಯ 1960ರ ದಶಕದಲ್ಲಿ ಹೋಗಿ ನೋಡಿದರೆ ಅವರ ಕೊಲೆಸ್ಟ್ರಾಲ್ ಕಡಿಮೆಯೇ ಇತ್ತು. ಮುಂದೆ ಸತ್ತವರ ಹೃದಯಗಳನ್ನು ಪರೀಕ್ಷಿಸಿದಾಗ ರಕ್ತನಾಳದಲ್ಲಿ ಜಿಡ್ಡು ಕಟ್ಟಿದ್ದು ಕಂಡಿತು, ಆದರೆ ನಾಳಗಳೇ ಅಗಲವಾಗಿದ್ದವು. ಹುಟ್ಟಿದಾಗಿನಿಂದ ನಡೆದೇ ನಡೆದ ಕಾಲುಗಳು. ಇನ್ನೊಂದು ವಿಷಯ ನನ್ನ ಗಮನ ಹಿಡಿದದ್ದು: ಅವರು ಕುಡಿಯುತ್ತಿದ್ದದ್ದು ಹೆಚ್ಚಾಗಿ ಹುಳಿ ಬಂದ ಹಾಲು. ಹುಳಿ ಎಂದ ಮೇಲೆ ನಮ್ಮ ಅಡುಗೆಮನೆಗೆ ಬರೋಣ.

ನಿಮ್ಮಲ್ಲಿ ಎಷ್ಟು ಜನ ಕಡೆಗೋಲು ಹಿಡಿದಿದ್ದೀರಿ? ಕೈ ಎತ್ತಿ. ಹೂಂ, ಹಿಂದಿನ ಸಾಲಿನ ಅಮ್ಮಂದಿರೇ ಹೆಚ್ಚು. ನಿಮಗೆ ಗೊತ್ತಿರುವುದನ್ನೇ ಮೈಕ್ರೋಸ್ಕೋಪಿನಲ್ಲಿ ತೋರಿಸುತ್ತೇನೆ, ಅಷ್ಟೆ.

ಹಾಲಿನಲ್ಲಿ ಜಿಡ್ಡು ಸುಮ್ಮನೆ ತೇಲುತ್ತಿರುವುದಿಲ್ಲ. ಸಣ್ಣ ಸಣ್ಣ ಹನಿಗಳಾಗಿರುತ್ತದೆ, ಒಂದೊಂದು ಹನಿಗೂ ತೆಳುವಾದ ಪೊರೆ. ಆ ಪೊರೆ ಬರೀ ಕವರ್ ಅಲ್ಲ. ಹಸುವಿನ ಕೆಚ್ಚಲ ಜೀವಕೋಶದಿಂದಲೇ ಹರಿದುಕೊಂಡು ಬಂದದ್ದು, ಫಾಸ್ಫೋಲಿಪಿಡ್ ಎಂಬ ಪದಾರ್ಥಗಳಿಂದ ತುಂಬಿದ್ದು. ಮೊಸರು ಕಡೆಯುವಾಗ ಏನಾಗುತ್ತದೆ? ಹನಿಗೆ ಹನಿ ಡಿಕ್ಕಿ ಹೊಡೆದು ಪೊರೆ ಹರಿಯುತ್ತದೆ. ಒಳಗಿನ ಜಿಡ್ಡು ಒಂದಕ್ಕೊಂದು ಅಂಟಿ ಬೆಣ್ಣೆಯಾಗಿ ಮೇಲೆ ಬರುತ್ತದೆ. ಹರಿದ ಪೊರೆಯ ಹೆಚ್ಚಿನ ಭಾಗ ಕೆಳಗೆ, ಮಜ್ಜಿಗೆಯಲ್ಲಿ ಉಳಿಯುತ್ತದೆ. ಆಮೇಲೆ ಬೆಣ್ಣೆ ಕಾಯಿಸಿ, ಗಸಿ ಕೆಳಗಿಳಿಸಿ, ಸೋಸಿದರೆ ತುಪ್ಪ. ಅದು ಪೊರೆ ಕಳಚಿದ, ನೀರಿಲ್ಲದ, ಬರೀ ಜಿಡ್ಡು.

ಈ ಪೊರೆ ಇದ್ದರೆ, ಇಲ್ಲದಿದ್ದರೆ ನಮ್ಮ ರಕ್ತಕ್ಕೆ ಏನು ವ್ಯತ್ಯಾಸ? 2015ರಲ್ಲಿ ಸ್ವೀಡನ್ನಿನವರು ಪ್ರಕಟಿಸಿದ ಪ್ರಯೋಗ ನನಗೆ ಬಹಳ ಇಷ್ಟ. ತೂಕ ಹೆಚ್ಚಿದ್ದ 57 ಜನರನ್ನು ಎರಡು ಗುಂಪು ಮಾಡಿದರು. ಇಬ್ಬರಿಗೂ ದಿನಕ್ಕೆ 40 ಗ್ರಾಂ ಹಾಲಿನ ಕೊಬ್ಬು, ಎಂಟು ವಾರ. ಒಂದು ಗುಂಪಿಗೆ ಪೊರೆಯಿರುವ ಕೆನೆ. ಇನ್ನೊಂದಕ್ಕೆ ಪೊರೆ ಕಳೆದ ಬೆಣ್ಣೆಯ ಎಣ್ಣೆ. ನಾವಾಗಿದ್ದರೆ ಅದನ್ನು ತುಪ್ಪದ ತಮ್ಮ ಅನ್ನುತ್ತಿದ್ದೆವು, ಘಮ ಒಂದಿಲ್ಲ. ಜಿಡ್ಡು ಅಷ್ಟೇ, ತೂಕ ಅಷ್ಟೇ. ಬೆಣ್ಣೆಯೆಣ್ಣೆ ತಿಂದವರ ಎಲ್‌ಡಿಎಲ್ ಏರಿತು. ಕೆನೆ ತಿಂದವರದ್ದು ಹಾಗೆ ಏರಲಿಲ್ಲ.

ಅದಕ್ಕೂ ಮೊದಲು, 2011ರಲ್ಲಿ, ಡೆನ್ಮಾರ್ಕಿನಲ್ಲಿ 49 ಜನಕ್ಕೆ ಆರು ವಾರ ಚೀಸ್, ಆರು ವಾರ ಅಷ್ಟೇ ಕೊಬ್ಬಿನ ಬೆಣ್ಣೆ ಕೊಟ್ಟು ನೋಡಿದ್ದರು. ಚೀಸ್ ತಿಂದಾಗಿನ ಎಲ್‌ಡಿಎಲ್ ಬೆಣ್ಣೆ ತಿಂದಾಗಿನದಕ್ಕಿಂತ ಸುಮಾರು 7% ಕಡಿಮೆ ಇತ್ತು. ಚೀಸಿನಲ್ಲಿರುವ ಕ್ಯಾಲ್ಸಿಯಂಗೂ ಇದರಲ್ಲಿ ಪಾಲಿದೆ ಎನ್ನುತ್ತಾರೆ. ಕರುಳಿನಲ್ಲಿ ಕ್ಯಾಲ್ಸಿಯಂ ಕೊಬ್ಬಿನ ಆಮ್ಲವನ್ನು ಹಿಡಿದು ಸೋಪಿನಂಥದ್ದಾಗಿ ಮಾಡಿ ಹೊರಗೆ ಸಾಗಿಸುತ್ತದೆ. ಹೌದು, ಸೋಪೇ. ಬಟ್ಟೆ ಸೋಪಿಗೂ ಅದಕ್ಕೂ ರಸಾಯನಶಾಸ್ತ್ರದಲ್ಲಿ ನೆಂಟಸ್ತಿಕೆ ಇದೆ.

ಮೂರನೆಯದು ನಮ್ಮ ಮಜ್ಜಿಗೆಯದೇ. 2013ರಲ್ಲಿ ಕೆನಡಾದವರು 34 ಜನಕ್ಕೆ ನಾಲ್ಕು ವಾರ ಮಜ್ಜಿಗೆ ಪುಡಿ, ದಿನಕ್ಕೆ 45 ಗ್ರಾಂ ಕೊಟ್ಟರು. ಪೊರೆಯ ಅಂಶವಿಲ್ಲದ ಅಂಥದೇ ಪುಡಿಯ ಜೊತೆ ಹೋಲಿಸಿದರು. ಕೊಲೆಸ್ಟ್ರಾಲ್ 3%ನಷ್ಟು, ಟ್ರೈಗ್ಲಿಸರೈಡ್ ಸುಮಾರು 11% ಇಳಿಯಿತು.

34, 49, 57 — ಇವು ಸಣ್ಣ ಸಂಖ್ಯೆಗಳು. ಒಂದು ಮದುವೆ ಪಂಕ್ತಿಯಲ್ಲಿ ಕೂರುವಷ್ಟು ಜನ. ಅಳೆದದ್ದೂ ರಕ್ತದ ಅಂಕಿಯನ್ನೇ ಹೊರತು ಹಾರ್ಟ್ ಅಟ್ಯಾಕನ್ನಲ್ಲ. ಆದರೆ ಮೂರೂ ಒಂದೇ ಕಡೆ ಬೆರಳು ತೋರಿಸುತ್ತವೆ, ಮತ್ತು ಆ ಬೆರಳು ಕಡೆಗೋಲಿನ ಕಡೆಗಿದೆ.

ಇಲ್ಲಿ ಸ್ವಲ್ಪ ಅಡ್ಡದಾರಿ ಹಿಡಿಯುತ್ತೇನೆ. ನಮ್ಮನೆಯಲ್ಲಿ ಒಂದು ಎಮ್ಮೆ ಇತ್ತು. ಅಜ್ಜಿ ದಿನ ಬಿಟ್ಟು ದಿನ ಬೆಳಗಿನ ಜಾವ ಕಂಬಕ್ಕೆ ಹಗ್ಗ ಕಟ್ಟಿ ಮೊಸರು ಕಡೆಯುತ್ತಿದ್ದರು. ಬೆಣ್ಣೆ ಸೇರಿಸಿಟ್ಟು ಸಂತೆಗೆ. ಉಳಿದದ್ದು ಕಾಯಿಸಿದರೆ ತುಪ್ಪ. ಅದು ಬಾಣಂತಿಗೆ, ಮಕ್ಕಳಿಗೆ, ನೆಂಟರಿಗೆ, ದೇವರ ದೀಪಕ್ಕೆ. ಮಜ್ಜಿಗೆ ಮಾತ್ರ ಮನೆಮಂದಿಗೆಲ್ಲ, ಬೀದಿಗೂ. ತಂಬಿಗೆ ಹಿಡಿದು ಬಂದವರಿಗೆ ಇಲ್ಲ ಅನ್ನಬಾರದು, ಮಜ್ಜಿಗೆ ಮಾರಬಾರದು ಅಂತ ಅಜ್ಜಿ ಹೇಳುತ್ತಿದ್ದರು. ಲೆಕ್ಕ ಹಾಕಿ ನೋಡಿದರೆ ಪೊರೆಯೆಲ್ಲ ನಮಗೆ, ಜಿಡ್ಡೆಲ್ಲ ಸಂತೆಗೆ. ಹಾಗಂತ ಹಿಂದಿನ ಕಾಲವೇ ಚಿನ್ನ ಅಂತ ನಾನು ಹಾಡಲು ಬಂದಿಲ್ಲ. ಅದೇ ಮಜ್ಜಿಗೆ ಕುಡಿದ ನಮ್ಮಜ್ಜ ಬೀಡಿ ಬಿಡದೆ ಅರವತ್ತೆರಡಕ್ಕೇ ಎದೆನೋವಿನಲ್ಲಿ ಹೋದರು.

ಈಗಿನ ಮಜ್ಜಿಗೆ ಬೇರೆ. ಪ್ಯಾಕೆಟ್ ಹಾಲಿಗೆ ಹೆಪ್ಪು ಹಾಕಿ, ಮೊಸರಿಗೆ ನೀರು ಸುರಿದು, ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ ಕೊತ್ತಂಬರಿ ಹಾಕಿದರೆ ಮಜ್ಜಿಗೆ ಅನ್ನುತ್ತೇವೆ. ಅದರಿಂದ ಬೆಣ್ಣೆ ತೆಗೆದಿಲ್ಲ. ಅದು ತೆಳುವಾದ ಮೊಸರು. ಕೆಟ್ಟದ್ದೇನಲ್ಲ, ಆದರೆ ಅಜ್ಜಿಯ ಮಜ್ಜಿಗೆ ಅದಲ್ಲ. ಪ್ಯಾಕೆಟ್ ಹಾಲನ್ನು ಕೆನೆ ಬೇರೆಯಾಗದ ಹಾಗೆ ಹೋಮೊಜಿನೈಸ್ ಮಾಡಿದಾಗಲೂ ಹನಿ ಒಡೆದು ಪೊರೆ ಬದಲಾಗುತ್ತದೆ, ಹಾಲಿನ ಪ್ರೋಟೀನು ಬಂದು ಹೊಸ ಹೊದಿಕೆಯಾಗುತ್ತದೆ. ಹೋಮೊಜಿನೈಸ್ಡ್ ಹಾಲಿನಿಂದಲೇ ಹೃದಯದ ಕಾಯಿಲೆ ಎಂದು 1970ರ ದಶಕದಲ್ಲಿ ಕರ್ಟ್ ಆಸ್ಟರ್ ಎಂಬ ಅಮೆರಿಕದ ವೈದ್ಯರು ಹೇಳಿದ್ದುಂಟು. ಪರೀಕ್ಷೆ ಮಾಡಿದಾಗ ಅದು ನಿಲ್ಲಲಿಲ್ಲ. ವಾಟ್ಸ್ಆ್ಯಪಿನಲ್ಲಿ ಇನ್ನೂ ನಿಂತಿದೆ.

ಸಣ್ಣ ಪ್ರಯೋಗ ಸಾಕು, ದೊಡ್ಡ ಲೆಕ್ಕ ಹೇಳಿ ಎಂದರೆ ಪ್ಯೂರ್ ಅಧ್ಯಯನವಿದೆ. 21 ದೇಶ, 1,36,384 ಜನ, ಸುಮಾರು ಒಂಬತ್ತು ವರ್ಷ ಹಿಂಬಾಲಿಸಿದ್ದು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯೂ ಇದರಲ್ಲಿ ಪಾಲುದಾರ. 2018ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಫಲಿತಾಂಶ: ದಿನಕ್ಕೆ ಎರಡು ಪಾಲಿಗಿಂತ ಹೆಚ್ಚು ಹಾಲು-ಮೊಸರು ತೆಗೆದುಕೊಳ್ಳುವವರಲ್ಲಿ, ಏನೂ ತೆಗೆದುಕೊಳ್ಳದವರಿಗಿಂತ, ಸಾವು ಮತ್ತು ಹೃದಯ-ಪಾರ್ಶ್ವವಾಯು ಸೇರಿದ ಒಟ್ಟು ಅಪಾಯ 16% ಕಡಿಮೆ. ಒಂದು ಪಾಲು ಎಂದರೆ ಒಂದು ಲೋಟ. ಬೆಣ್ಣೆಯ ವಿಷಯದಲ್ಲಿ ಮಾತ್ರ ಹಾಗೂ ಇಲ್ಲ ಹೀಗೂ ಇಲ್ಲ ಎಂಬ ಫಲಿತಾಂಶ, ತಿನ್ನುವವರೇ ಕಡಿಮೆ ಇದ್ದರು.

ಇದನ್ನು ಕೇಳಿ ಚಪ್ಪಾಳೆ ತಟ್ಟುವ ಮುಂಚೆ ಒಂದು ಪ್ರಶ್ನೆ. ಬಡ ದೇಶದಲ್ಲಿ ದಿನಕ್ಕೆ ಎರಡು ಲೋಟ ಹಾಲು ಕುಡಿಯುವವರು ಯಾರು? ಅಷ್ಟು ಅನುಕೂಲ ಇರುವವರು. ಅವರಿಗೆ ಆಸ್ಪತ್ರೆಯೂ ಹತ್ತಿರ, ತರಕಾರಿಯೂ ಸುಲಭ. ಸಂಶೋಧಕರು ಇದನ್ನೆಲ್ಲ ಲೆಕ್ಕದಲ್ಲಿ ಸರಿದೂಗಿಸಲು ನೋಡುತ್ತಾರೆ, ಪೂರ್ತಿ ಸರಿದೂಗುವುದಿಲ್ಲ. ನನಗೆ ಇದರಿಂದ ಸಿಕ್ಕ ಸಮಾಧಾನ ಇಷ್ಟೇ: ಅನ್ನವೇ ಮುಖ್ಯವಾದ ತಟ್ಟೆಯ ಪಕ್ಕದಲ್ಲಿ ಒಂದು ಬಟ್ಟಲು ಮೊಸರಿಗೆ ಹೆದರಬೇಕಾಗಿಲ್ಲ.

ತಟ್ಟೆ ಎಂದ ಮೇಲೆ ಎರಡನೇ ಮಾತು, ಯಾವುದರ ಬದಲಿಗೆ ಯಾವುದು. 2016ರಲ್ಲಿ ಅಮೆರಿಕದ ಹಾರ್ವರ್ಡ್‌ನವರು ಎರಡು ಲಕ್ಷಕ್ಕೂ ಹೆಚ್ಚು ಜನರ ದಾಖಲೆ ಹಿಡಿದು ಒಂದು ಲೆಕ್ಕ ಮಾಡಿದರು. ಹಾಲಿನ ಕೊಬ್ಬಿನಿಂದ ಬರುವ ಶಕ್ತಿಯಲ್ಲಿ ಸ್ವಲ್ಪ ಪಾಲು ತೆಗೆದು, ಅದರ ಜಾಗಕ್ಕೆ ಸೂರ್ಯಕಾಂತಿ, ಸೋಯಾ ಎಣ್ಣೆಗಳಲ್ಲಿರುವಂಥ ಕೊಬ್ಬು ಬಂದರೆ ಹೃದಯದ ಅಪಾಯ 24% ಕಡಿಮೆ. ಇಡೀ ಧಾನ್ಯ ಬಂದರೂ ಹೆಚ್ಚುಕಡಿಮೆ ಅಷ್ಟೇ ಲಾಭ. ಮೈದಾ, ಸಕ್ಕರೆ ಬಂದರೆ? ಏನೂ ಲಾಭವಿಲ್ಲ. ತುಪ್ಪ ಬಿಟ್ಟೆ ಎಂದು ಹೆಮ್ಮೆಯಿಂದ ಹೇಳಿ, ಸಂಜೆ ಟೀ ಜೊತೆ ನಾಲ್ಕು ಬಿಸ್ಕತ್ತು ಅದ್ದಿಕೊಂಡು ತಿನ್ನುವವರು ಈ ವಾಕ್ಯವನ್ನು ಬರೆದಿಟ್ಟುಕೊಳ್ಳಿ.

ತುಪ್ಪದ ಬದಲಿಗೆ ನಾವೇ ಮಾಡಿಕೊಂಡ ಎಡವಟ್ಟಿನ ಹೆಸರು ವನಸ್ಪತಿ. 1937ರಲ್ಲಿ ಡಾಲ್ಡಾ ಬಂತು. ತುಪ್ಪದ ಹಾಗೇ ಕಾಣುತ್ತದೆ, ಅಗ್ಗ, ಸಸ್ಯಾಹಾರ. ಎಣ್ಣೆಗೆ ಹೈಡ್ರೋಜನ್ ಹಾಯಿಸಿ ಗಟ್ಟಿ ಮಾಡುವಾಗ ಟ್ರಾನ್ಸ್ ಕೊಬ್ಬು ಹುಟ್ಟುತ್ತದೆ. ಅದು ಎಲ್‌ಡಿಎಲ್ ಏರಿಸುವುದಲ್ಲದೆ ಕೊಲೆಸ್ಟ್ರಾಲನ್ನು ಲಿವರಿಗೆ ವಾಪಸು ಸಾಗಿಸುವ ಒಳ್ಳೆಯ ಗಾಡಿ ಎಚ್‌ಡಿಎಲ್ ಅನ್ನೂ ಇಳಿಸುತ್ತದೆ ಎಂದು 1990ರಲ್ಲಿ ನೆದರ್‌ಲೆಂಡಿನ ವಿಜ್ಞಾನಿಗಳು ತೋರಿಸಿದರು. ಅಷ್ಟರಲ್ಲಿ ಎರಡು ತಲೆಮಾರು ಅದರಲ್ಲೇ ಜಿಲೇಬಿ ಕರಿದಿತ್ತು. ನಮ್ಮಲ್ಲಿ ಎಣ್ಣೆ-ಕೊಬ್ಬಿನಲ್ಲಿ ಟ್ರಾನ್ಸ್ ಅಂಶ 2% ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದು 2022ರ ಜನವರಿಯಲ್ಲಿ. ವನಸ್ಪತಿಯ ಬಗ್ಗೆ ಒಂದು ತಮಾಷೆಯ ನಿಯಮವೂ ಇತ್ತು, ಅದರಲ್ಲಿ 5% ಎಳ್ಳೆಣ್ಣೆ ಬೆರೆಸಲೇಬೇಕು. ಯಾಕೆ ಗೊತ್ತೇ? ಕಳ್ಳರು ಅದನ್ನು ತುಪ್ಪಕ್ಕೆ ಬೆರೆಸಿದರೆ ಹಿಡಿಯಲಿಕ್ಕೆ. ಎಳ್ಳೆಣ್ಣೆ ಇದ್ದರೆ ಲ್ಯಾಬಿನ ಒಂದು ಪರೀಕ್ಷೆಯಲ್ಲಿ ಕೆಂಪು ಬಣ್ಣ ಬರುತ್ತದೆ. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಎಂಬ ಗಾದೆಗೆ ಸರ್ಕಾರ ಕೊಟ್ಟ ಪುರಾವೆ ಅದು. ಈಗಿನ ಕಾಲಕ್ಕೆ ಪನೀರ್ ಇದೆ: ಹಾಲಿನ ಕೊಬ್ಬು ತೆಗೆದು ಸಸ್ಯದ ಕೊಬ್ಬು ತುಂಬಿದ 'ಅನಲಾಗ್' ಪನೀರ್. ಐಸ್‌ಕ್ರೀಮಿನ ಪಕ್ಕದಲ್ಲೇ ಕೂರುವ 'ಫ್ರೋಜನ್ ಡೆಸರ್ಟ್' ಕೂಡ ಹಾಗೇ. ಡಬ್ಬಿಯ ಸಣ್ಣ ಅಕ್ಷರ ಓದಿ, ಕನ್ನಡಕ ಇಲ್ಲದಿದ್ದರೆ ಮೊಮ್ಮಕ್ಕಳಿಂದ ಓದಿಸಿ.

ಈಗ ನಿಮ್ಮ ಜೇಬಿನಲ್ಲಿರುವ ರಿಪೋರ್ಟಿಗೆ ಬರುತ್ತೇನೆ. 2025ರ ಬೇಸಿಗೆ ಕಳೆದ ಮೇಲೆ ಹಾಸನದಲ್ಲಿ ಸಾಲುಸಾಲು ಹೃದಯಾಘಾತದ ಸಾವಿನ ಸುದ್ದಿ ಬಂದು, ಜಯದೇವ ಆಸ್ಪತ್ರೆಯ ಮುಂದೆ ನಸುಕಿನಲ್ಲೇ ಸಾಲು ನಿಂತದ್ದು ನೆನಪಿದೆಯಲ್ಲ? ಆ ವಾರ ನನ್ನ ಹತ್ತಿರ ಬಂದ ಲಿಪಿಡ್ ರಿಪೋರ್ಟುಗಳಲ್ಲಿ ನಾನು ಹೆಚ್ಚಾಗಿ ಕಂಡದ್ದು ಫಿನ್‌ಲೆಂಡಿನ ಚಿತ್ರವನ್ನಲ್ಲ. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಮಾಡಿಸಿದ ಸಮೀಕ್ಷೆಯ ನಾಲ್ಕು ಪ್ರಾಂತ್ಯಗಳ ಅಂಕಿ 2014ರಲ್ಲಿ ಬಂದಿತ್ತು. ಎಲ್‌ಡಿಎಲ್ ಹೆಚ್ಚಿದ್ದವರು ಸುಮಾರು 12%, ಟ್ರೈಗ್ಲಿಸರೈಡ್ ಹೆಚ್ಚಿದ್ದವರು ಸುಮಾರು 30%, ಎಚ್‌ಡಿಎಲ್ ಕಡಿಮೆ ಇದ್ದವರು 72%. ಇದು ಬೆಣ್ಣೆಯ ಸಹಿಗಿಂತ ಹೆಚ್ಚಾಗಿ ಅನ್ನ, ಸಕ್ಕರೆ, ಹೊಟ್ಟೆಯ ಬೊಜ್ಜು ಮತ್ತು ಕುರ್ಚಿಯ ಸಹಿ. ಹಾಗಾಗಿ ಟ್ರೈಗ್ಲಿಸರೈಡ್ 280 ಇರುವವರು ಹಾಲು ಬಿಟ್ಟು ಕಪ್ಪು ಟೀಗೆ ಮೂರು ಚಮಚ ಸಕ್ಕರೆ ಹಾಕಿಕೊಂಡರೆ ನನಗೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಹಾಲಿನ ಹೆಸರಲ್ಲಿ ನಾವು ತಿನ್ನುವ ಪೇಡ, ಕುಂದಾ, ಮೈಸೂರ್ ಪಾಕ್‌ಗಳಲ್ಲಿ ಜಿಡ್ಡು ಮತ್ತು ಸಕ್ಕರೆ ಕೈ ಕೈ ಹಿಡಿದೇ ಬರುತ್ತವೆ.

ಎಲ್‌ಡಿಎಲ್ ಮೇಲಿರುವವರಿಗೆ ಮಾತ್ರ ಬೇರೆ ಲೆಕ್ಕ. ಸ್ಯಾಚುರೇಟೆಡ್ ಕೊಬ್ಬು ದಿನದ ಶಕ್ತಿಯ 10% ಮೀರದಿರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2,000 ಕ್ಯಾಲೊರಿಯ ಊಟಕ್ಕೆ ಅದು ಸುಮಾರು 22 ಗ್ರಾಂ. ಅರ್ಧ ಲೀಟರ್ ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲಿನಲ್ಲಿ ಜಿಡ್ಡು 15 ಗ್ರಾಂ, ಅದರಲ್ಲಿ ಸ್ಯಾಚುರೇಟೆಡ್ ಹತ್ತರ ಹತ್ತಿರ. ಅದೇ ಅರ್ಧ ಲೀಟರ್ 6%ನ ಫುಲ್ ಕ್ರೀಮ್ ಆದರೆ ಇಪ್ಪತ್ತರ ಹತ್ತಿರ, ದಿನದ ಪಡಿ ಬೆಳಗ್ಗೆಯೇ ಮುಗಿಯಿತು. ಒಂದು ಸಣ್ಣ ಚಮಚ ತುಪ್ಪದಲ್ಲಿ ಸ್ಯಾಚುರೇಟೆಡ್ ಮೂರು ಗ್ರಾಂ. ಚಮಚ ಎಂದರೆ ಟೀ ಚಮಚ, ಹೋಳಿಗೆ ಊಟದಲ್ಲಿ ಬಡಿಸುವ ಮಿಳ್ಳೆಯಲ್ಲ.

ಇತ್ತೀಚೆಗೆ ಒಬ್ಬ ಹುಡುಗ ಬಂದಿದ್ದ, ಸಾಫ್ಟ್‌ವೇರ್ ಕೆಲಸ, ಮೂವತ್ತೆಂಟು ವಯಸ್ಸು. ಬೆಳಗ್ಗೆ ಕಾಫಿಗೆ ಎರಡು ದೊಡ್ಡ ಚಮಚ ತುಪ್ಪ ಕಲಸಿ ಕುಡಿಯುತ್ತಿದ್ದ, ತೂಕ ಇಳಿಯುತ್ತದೆಂದು. ತೂಕ ಇಳಿದಿತ್ತು ಕೂಡ. ಎಲ್‌ಡಿಎಲ್ ಮಾತ್ರ ಇನ್ನೂರರ ಗಡಿಯಲ್ಲಿತ್ತು. "ಸಾಲ ಮಾಡಿಯಾದರೂ ತುಪ್ಪ ತಿನ್ನು ಅಂದಿಲ್ವಾ ಸರ್?" ಎಂದ. ಸಾಲ ವಸೂಲಿಗೆ ಬರುವುದು ನಿನ್ನ ಹೃದಯದ ಹತ್ತಿರ ಎಂದೆ. ತುಪ್ಪ ನಿಲ್ಲಿಸಿ ಮೂರು ತಿಂಗಳಿಗೆ ಚೆನ್ನಾಗಿ ಇಳಿಯಿತು. ಎಲ್ಲರದ್ದೂ ಹೀಗೆ ಇಳಿಯುವುದಿಲ್ಲ. ಎಲ್‌ಡಿಎಲ್ 190 ದಾಟಿದ್ದರೆ ವಂಶದಿಂದ ಬಂದದ್ದಿರಬಹುದು, ಆಗ ಪಥ್ಯವೊಂದೇ ಸಾಲದು, ಮನೆಯವರೆಲ್ಲರ ರಕ್ತ ನೋಡಬೇಕು. ಸ್ಟೆಂಟ್ ಹಾಕಿಸಿಕೊಂಡವರು ಯಾರದೋ ವಿಡಿಯೊ ನೋಡಿ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ನಿಲ್ಲಿಸಿ ತುಪ್ಪ ಶುರು ಮಾಡುವುದು ನಾನು ಕಂಡ ಅತ್ಯಂತ ಕೆಟ್ಟ ಅದಲುಬದಲು. ಹಾಗೆ ಮಾಡಿದವರನ್ನು ನಾನು ಮತ್ತೆ ಐಸಿಯುನಲ್ಲಿ ಕಂಡಿದ್ದೇನೆ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ. ಎ2 ಹಸುವಿನ ತುಪ್ಪ ತಿಂದರೆ ಕೊಲೆಸ್ಟ್ರಾಲ್ ಏರುವುದಿಲ್ಲವಂತೆ, ಕಿಲೋಗೆ ಎರಡು ಸಾವಿರ ಕೊಟ್ಟು ತಂದಿದ್ದೇನೆ ಎಂದರು ಒಬ್ಬರು. ಎ1, ಎ2 ಎಂಬುದು ಹಾಲಿನ ಒಂದು ಪ್ರೋಟೀನಿನ ವ್ಯತ್ಯಾಸ ಸ್ವಾಮಿ. ತುಪ್ಪದಲ್ಲಿ ಪ್ರೋಟೀನೇ ಉಳಿದಿರುವುದಿಲ್ಲ. ಇಂಥ ಲೇಬಲ್ ತೆಗೆಯಿರಿ ಎಂದು 2024ರ ಆಗಸ್ಟಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶ ಹೊರಡಿಸಿ, ಕೆಲವೇ ದಿನಗಳಲ್ಲಿ ಹಿಂದಕ್ಕೆ ಪಡೆಯಿತು. ಆದೇಶ ಹಿಂದೆ ಹೋಯಿತು, ಪ್ರೋಟೀನು ತುಪ್ಪಕ್ಕೆ ವಾಪಸು ಬರಲಿಲ್ಲ. ರುಚಿಗೆ ಕೊಟ್ಟಿದ್ದರೆ ಸರಿ, ಹೃದಯಕ್ಕೆ ಎಂದು ಕೊಟ್ಟಿದ್ದರೆ ದುಡ್ಡು ದಂಡ.

ಹಿಂದಿನ ಸಾಲಿನಿಂದ ಒಬ್ಬ ಅಮ್ಮ ಎದ್ದು ನಿಂತರು. ಅವರ ಯಜಮಾನರಿಗೆ ಹೋದ ವರ್ಷ ಸ್ಟೆಂಟ್ ಹಾಕಿದೆ, ಬಿಪಿಯೂ ಇದೆಯಂತೆ. "ನೀವು ಹೇಳಿದ ಹಾಗೆ ಕಡೆದ ಮಜ್ಜಿಗೆಯನ್ನೇ ಕೊಡ್ತೀನಿ ಡಾಕ್ಟ್ರೇ, ಕಡೆಗೋಲು ಅಟ್ಟದ ಮೇಲಿದೆ, ಇಳಿಸ್ತೀನಿ." ಕೊಡಿ ತಾಯಿ, ಉಪ್ಪು ಮಾತ್ರ ಚಿಟಿಕೆ ದಾಟದಿರಲಿ, ಅವರಿಗೆ ಬಿಪಿಯೂ ಇದೆ ಎಂದಿರಿ. ಮಾತ್ರೆ ಒಂದು ದಿನವೂ ತಪ್ಪದಿರಲಿ. ಅವರು ಕೂರಲಿಲ್ಲ. "ಅದೆಲ್ಲ ಸರಿ. ಬಂದ ಬೆಣ್ಣೆ ಏನು ಮಾಡಲಿ?" ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ. ಆಮೇಲೆ ಹೇಳಿದೆ: ಆಡಿ ಓಡುವ ಮೊಮ್ಮಕ್ಕಳಿದ್ದರೆ ಅವರ ರೊಟ್ಟಿಗೆ ಇಷ್ಟು ಹಾಕಿ. ಉಳಿದದ್ದು ಕಾಯಿಸಿ ಡಬ್ಬಿಯಲ್ಲಿಡಿ. ಹಬ್ಬದ ದಿನ ಯಜಮಾನರ ಹೋಳಿಗೆಗೆ ಒಂದು ಟೀ ಚಮಚ. ಡಬ್ಬಿಯನ್ನು ಮಾತ್ರ ಅವರ ಕೈಗೆ ಕೊಡಬೇಡಿ.